ನೀಟ್ ಮತ್ತೊಮ್ಮೆ ಬರೆಯುವ ಮುನ್ನ: ಎಣಿಕೆಗೆ ಬರುವುದೇನು, ಬಾರದ್ದೇನು

ಜೂನ್‌ನಲ್ಲಿ ನೀಟ್ ಫಲಿತಾಂಶ ಬಂದು, ರ‍್ಯಾಂಕ್ ಸೀಟಿನ ಹತ್ತಿರಕ್ಕೂ ಸುಳಿಯಲಿಲ್ಲ ಎಂದಾದಾಗ ಮನೆಯಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಇನ್ನೊಂದು ವರ್ಷ ಬರೆಸಬೇಕೇ? ಬರೆಸಿದರೆ, ‘ಎರಡನೇ ಸಲ ಬರೆದವನು’ ಎಂದು ಮೆಡಿಕಲ್ ಕಾಲೇಜಿನವರು ಹಿಂದಕ್ಕೆ ತಳ್ಳುತ್ತಾರೆಯೇ?

ಎರಡನೆಯದಕ್ಕೆ ಉತ್ತರ ಸರಳ: ಇಲ್ಲ. ಭಾರತದಲ್ಲಿ ಎಂಬಿಬಿಎಸ್ ಸೀಟು ಹಂಚುವುದು ಆಯಾ ವರ್ಷದ ನೀಟ್ ರ‍್ಯಾಂಕ್, ಮೀಸಲಾತಿ ವರ್ಗ ಮತ್ತು ನೀವು ಕೊಟ್ಟ ಕಾಲೇಜು ಆಪ್ಷನ್‌ಗಳ ಮೇಲೆ. ಮೊದಲ ಸಲಕ್ಕೆ 5000ನೇ ರ‍್ಯಾಂಕ್ ಪಡೆದವರಿಗೂ ನಾಲ್ಕನೇ ಸಲಕ್ಕೆ 5000ನೇ ರ‍್ಯಾಂಕ್ ಪಡೆದವರಿಗೂ ಕೌನ್ಸೆಲಿಂಗ್ ತಂತ್ರಾಂಶದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಪ್ರಯತ್ನಗಳ ಲೆಕ್ಕ ಕಾಲೇಜಿನವರ ಮೇಜಿಗೆ ಹೋಗುವುದೇ ಇಲ್ಲ. ರಿಪೀಟರ್‌ಗಳು ಎಡವುವುದು ಬೇರೆ ಕಡೆ: ಕ್ಯಾಲೆಂಡರ್‌ನಲ್ಲಿ, ದಾಖಲೆಗಳಲ್ಲಿ, ಠೇವಣಿ ನಿಯಮಗಳಲ್ಲಿ, ಹೋದ ಸಲದ ಅಂಕವನ್ನು ತಪ್ಪಾಗಿ ಓದುವುದರಲ್ಲಿ. ಈ ಲೇಖನದ ಹೆಚ್ಚಿನ ಭಾಗ ಆ ಜಾಗಗಳ ಬಗ್ಗೆಯೇ.

ಮೊದಲು ನಿಯಮಗಳನ್ನು ಸ್ಪಷ್ಟ ಮಾಡಿಕೊಳ್ಳಿ

ನೀಟ್ ಯುಜಿಗೆ ಇಷ್ಟೇ ಸಲ ಬರೆಯಬೇಕೆಂಬ ಮಿತಿಯಿಲ್ಲ. ಸಾಮಾನ್ಯ ವರ್ಗಕ್ಕೆ 25, ಮೀಸಲು ವರ್ಗಗಳಿಗೆ 30 ಎಂದಿದ್ದ ಗರಿಷ್ಠ ವಯಸ್ಸಿನ ಮಿತಿಯನ್ನು 2022ರಲ್ಲಿ ತೆಗೆಯಲಾಯಿತು. ಉಳಿದಿರುವುದು ಕನಿಷ್ಠ ವಯಸ್ಸು ಮಾತ್ರ: ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು.

ಒಂದು ವರ್ಷದ ಅಂಕ ಆ ವರ್ಷದ ಪ್ರವೇಶಕ್ಕೆ ಮಾತ್ರ. ಕಳೆದ ವರ್ಷ 540 ಬಂದಿತ್ತು, ಈ ವರ್ಷ 510 ಬಂತು, ಹಳೆಯದನ್ನೇ ಹಿಡಿಯಿರಿ ಎನ್ನುವ ಹಾಗಿಲ್ಲ. ಎರಡರ ಸರಾಸರಿಯೂ ಇಲ್ಲ, ಹೆಚ್ಚಿನದನ್ನು ಆರಿಸಿಕೊಳ್ಳುವ ಅವಕಾಶವೂ ಇಲ್ಲ. ಮತ್ತೆ ಬರೆಯುವುದೆಂದರೆ ಸೊನ್ನೆಯಿಂದ ಶುರು ಎಂದೇ ಅರ್ಥ. ಇದಕ್ಕೊಂದು ವಿನಾಯಿತಿಯಿದೆ. ವಿದೇಶದಲ್ಲಿ ಎಂಬಿಬಿಎಸ್ ಓದಲು ಹೋಗುವವರಿಗೆ ನೀಟ್ ಅರ್ಹತೆ ಫಲಿತಾಂಶದ ದಿನದಿಂದ ಮೂರು ವರ್ಷ ನಡೆಯುತ್ತದೆ. ಹೋದ ವರ್ಷ ಅರ್ಹತೆ ಪಡೆದು ಈ ವರ್ಷ ಕೆಳಗೆ ಬಿದ್ದವರಿಗೆ ಆ ಹಳೆಯ ಅರ್ಹತಾ ಪತ್ರವೇ ಸಾಕು, ಅದನ್ನು ಜೋಪಾನವಾಗಿಡಿ.

ಸಮಾನ ಅಂಕ ಬಂದಾಗಲಾದರೂ ಮೊದಲ ಸಲ ಬರೆದವರಿಗೆ ಆದ್ಯತೆ ಸಿಗುತ್ತದೆಯೇ ಎಂದು ಹಲವರು ಕೇಳುತ್ತಾರೆ. ಅದೂ ಇಲ್ಲ. ಮೊದಲು ಜೀವಶಾಸ್ತ್ರದ ಅಂಕ, ನಂತರ ರಸಾಯನಶಾಸ್ತ್ರ, ನಂತರ ಭೌತಶಾಸ್ತ್ರ, ಅಲ್ಲಿಗೂ ಬಗೆಹರಿಯದಿದ್ದರೆ ಸರಿ ಉತ್ತರಗಳಿಗೆ ಹೋಲಿಸಿದಾಗ ತಪ್ಪು ಉತ್ತರಗಳ ಪ್ರಮಾಣ ಯಾರದು ಕಡಿಮೆ ಎಂದು ನೋಡುತ್ತಾರೆ. ಒಂದು ಕಾಲಕ್ಕೆ ವಯಸ್ಸಿನಲ್ಲಿ ಹಿರಿಯರಿಗೆ ಆದ್ಯತೆ ಇತ್ತು, ಈಗ ಅದನ್ನೂ ಕೈಬಿಡಲಾಗಿದೆ.

ಪಿಯುಸಿ ಅಂಕದ ಗೊಂದಲವನ್ನೂ ಇಲ್ಲೇ ಮುಗಿಸೋಣ. ಮೆಡಿಕಲ್ ರ‍್ಯಾಂಕ್‌ಗೆ ಪಿಯುಸಿ ಅಂಕ ಸೇರುವುದಿಲ್ಲ, ಅದು ಬಾಗಿಲು ದಾಟುವ ಚೀಟಿ ಅಷ್ಟೇ. ಭೌತ, ರಸಾಯನ, ಜೀವಶಾಸ್ತ್ರ ಮೂರೂ ಸೇರಿ 300ಕ್ಕೆ ಸಾಮಾನ್ಯ ವರ್ಗದವರು 150, ಪರಿಶಿಷ್ಟ ಮತ್ತು ಹಿಂದುಳಿದ ವರ್ಗದವರು 120 ಪಡೆದಿರಬೇಕು, ಇಂಗ್ಲಿಷ್ ಪಾಸಾಗಿರಬೇಕು. ಸಾಮಾನ್ಯ ವರ್ಗದವರಿಗೆ ಮೂರಕ್ಕೆ 148 ಬಂದಿದ್ದರೆ ನೀಟ್‌ನಲ್ಲಿ 600 ಬಂದರೂ ಸೀಟಿಲ್ಲ. ಅಂಥವರು ಕೋಚಿಂಗ್ ಸೇರುವ ಮುನ್ನ ಪಿಯು ಪರೀಕ್ಷೆಯನ್ನು ಸರಿಪಡಿಸಿಕೊಳ್ಳಬೇಕು. ರಾಜ್ಯದಲ್ಲಿ 2024 ಮತ್ತು 2025ರಲ್ಲಿ ಪರೀಕ್ಷೆ-1, 2, 3 ಎಂದು ವರ್ಷಕ್ಕೆ ಮೂರು ಅವಕಾಶಗಳಿದ್ದವು, ಈಗ ಎಷ್ಟಿವೆ ಎಂದು ಮೊದಲೇ ವಿಚಾರಿಸಿಕೊಳ್ಳಿ. ಇನ್ನೊಂದು ಕಡೆ, ಎಂಜಿನಿಯರಿಂಗ್‌ನ ಸಿಇಟಿ ರ‍್ಯಾಂಕ್‌ಗೆ ಪಿಯು ಅಂಕ ಅರ್ಧದಷ್ಟು ಸೇರುತ್ತದೆ. ‘ನೀಟ್ ಆಗದಿದ್ದರೆ ಸಿಇಟಿ ಇದೆಯಲ್ಲ’ ಎಂದುಕೊಂಡು ಡ್ರಾಪ್ ತೆಗೆದುಕೊಳ್ಳುವವರು ತಮ್ಮ ಪಿಯು ಗಣಿತದ ಅಂಕವನ್ನು ಒಮ್ಮೆ ನೋಡಿಕೊಳ್ಳಲಿ.

ಹೋದ ಸಲದ ಫಲಿತಾಂಶವನ್ನು ಸರಿಯಾಗಿ ಓದಿ

ಇಲ್ಲಿ ಅವಸರ ಬೇಡ. ಮತ್ತೆ ಬರೆಯಬೇಕೋ ಬೇಡವೋ ಎಂಬ ತೀರ್ಮಾನ ನಿಲ್ಲುವುದೇ ಇದರ ಮೇಲೆ.

ಅಂಕವನ್ನು ಬದಿಗಿಟ್ಟು ರ‍್ಯಾಂಕ್ ಹಿಡಿಯಿರಿ. ವರ್ಷದಿಂದ ವರ್ಷಕ್ಕೆ ಅಂಕಗಳ ಬೆಲೆ ಎಷ್ಟು ಬದಲಾಗುತ್ತದೆ ಎಂಬುದಕ್ಕೆ 2024 ಮತ್ತು 2025ಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. 2024ರಲ್ಲಿ ಪರಿಷ್ಕೃತ ಫಲಿತಾಂಶದ ನಂತರವೂ 720ಕ್ಕೆ 720 ಪಡೆದವರು 17 ಮಂದಿ ಇದ್ದರು. 650 ಅಂಕಕ್ಕೆ ಇಪ್ಪತ್ತು ಸಾವಿರದಾಚೆಯ ರ‍್ಯಾಂಕ್. 2025ರಲ್ಲಿ ದೇಶಕ್ಕೇ ಮೊದಲ ರ‍್ಯಾಂಕ್ ಬಂದ ಅಂಕ 686. 650 ದಾಟಿದವರು ನೂರು ಮಂದಿಯೂ ಇರಲಿಲ್ಲ. 2024ರಲ್ಲಿ 600 ತೆಗೆದು 2025ರಲ್ಲಿ 560 ತೆಗೆದವರು ‘ನಲವತ್ತು ಅಂಕ ಇಳಿದೆ’ ಎಂದು ಅತ್ತಿರಬಹುದು, ಆದರೆ ಅವರ ರ‍್ಯಾಂಕ್ ಬಹಳ ಮೇಲೇರಿತ್ತು. ತಿರುಗಾಮುರುಗಾ ಕೂಡ ಆಗುತ್ತದೆ: ಸುಲಭದ ವರ್ಷದಲ್ಲಿ ಅರವತ್ತು ಅಂಕ ಹೆಚ್ಚಿದರೂ ರ‍್ಯಾಂಕ್ ಇದ್ದಲ್ಲೇ ಇರಬಹುದು.

ನಂತರ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಜಾಲತಾಣದಿಂದ ಹಿಂದಿನ ಎರಡು ವರ್ಷಗಳ ಮೆಡಿಕಲ್ ಕಟಾಫ್ ಪಟ್ಟಿಗಳನ್ನು ಇಳಿಸಿಕೊಳ್ಳಿ, ಮೊದಲ ಸುತ್ತಿನದೂ ಕೊನೆಯ ಸುತ್ತಿನದೂ. ಪಟ್ಟಿಯಲ್ಲಿ ಜಿಎಂ (ಸಾಮಾನ್ಯ ವರ್ಗ), 1ಜಿ, 2ಎಜಿ, 3ಬಿಜಿ, ಎಸ್‌ಸಿಜಿ ಎಂಬ ಸಂಕೇತಗಳಿರುತ್ತವೆ. ಕೊನೆಯಲ್ಲಿ ‘ಆರ್’ ಇದ್ದರೆ ಗ್ರಾಮೀಣ ಕೋಟಾ, ‘ಕೆ’ ಇದ್ದರೆ ಕನ್ನಡ ಮಾಧ್ಯಮ ಕೋಟಾ. ಕಲ್ಯಾಣ ಕರ್ನಾಟಕದ 371ಜೆ ಸೀಟುಗಳಿಗೆ ಬೇರೆ ಸಾಲು. ನಿಮಗೆ ಅನ್ವಯಿಸುವ ಸಂಕೇತಗಳನ್ನಷ್ಟೇ ಹಿಡಿದು ಒಂದು ಹಾಳೆಯ ಮೇಲೆ ಮೂರು ಸಂಖ್ಯೆ ಬರೆಯಿರಿ: ನಿಮ್ಮ ರ‍್ಯಾಂಕ್, ಸರ್ಕಾರಿ ಕಾಲೇಜುಗಳಲ್ಲಿ ನಿಮ್ಮ ವರ್ಗದ ಕೊನೆಯ ರ‍್ಯಾಂಕ್, ಖಾಸಗಿ ಕಾಲೇಜುಗಳ ಸರ್ಕಾರಿ ಕೋಟಾದ ಕೊನೆಯ ರ‍್ಯಾಂಕ್. ನೀವು ದಾಟಬೇಕಾದ ದೂರ ಅಷ್ಟೇ. ‘620 ಬೇಕು’, ‘ಹತ್ತು ಸಾವಿರದೊಳಗೆ ಬರಬೇಕು’ ಎಂದು ಊರಿಗೆಲ್ಲ ಒಂದೇ ಅಳತೆ ಹೇಳುವವರ ಮಾತು ನಿಮಗೆ ಹೊಂದದಿರಬಹುದು. ಜಿಎಂಗೂ 2ಎಕೆಗೂ ಇರುವ ಅಂತರ ಸಣ್ಣದಲ್ಲ.

ಆಮೇಲೆ ಒಎಂಆರ್ (ಉತ್ತರ ಹಾಳೆ) ಪ್ರತಿಯನ್ನೂ ಅಂತಿಮ ಉತ್ತರ ಸೂಚಿಯನ್ನೂ ಪಕ್ಕಪಕ್ಕದಲ್ಲಿಟ್ಟು ತಪ್ಪಾದ ಪ್ರತಿ ಪ್ರಶ್ನೆಯ ಮುಂದೆ ಒಂದು ಗುರುತು ಹಾಕಿ. ‘ಗೊ’ ಎಂದರೆ ವಿಷಯವೇ ಗೊತ್ತಿರಲಿಲ್ಲ. ‘ಎ’ ಎಂದರೆ ಗೊತ್ತಿತ್ತು, ಎಡವಿದೆ: ‘ಸರಿಯಲ್ಲದ್ದು ಯಾವುದು’ ಎಂಬುದನ್ನು ‘ಸರಿಯಾದದ್ದು’ ಎಂದು ಓದಿದ್ದು, ಘಟಕ ಪರಿವರ್ತನೆ ಮರೆತದ್ದು, ಬೇರೆ ಗುಂಡಿ ತುಂಬಿದ್ದು. ‘ಊ’ ಎಂದರೆ ಊಹೆ. ಒಂದು ಲೆಕ್ಕ ನೋಡಿ. ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. 180ನ್ನೂ ಬರೆದು 120 ಸರಿ, 60 ತಪ್ಪು ಮಾಡಿದವರಿಗೆ 480ರಲ್ಲಿ 60 ಕಳೆದು 420. ಆ 60ರಲ್ಲಿ 20 ‘ಎ’ ಗುಂಪಿನವಾಗಿದ್ದು ಅವಷ್ಟನ್ನೇ ಸರಿಪಡಿಸಿಕೊಂಡರೂ ಅಂಕ 520ಕ್ಕೆ ಏರುತ್ತದೆ, ಏಕೆಂದರೆ ಒಂದು ತಪ್ಪು ಸರಿಯಾದರೆ ಸಿಗುವುದು ನಾಲ್ಕಲ್ಲ, ಐದು. ‘ಎ’ ಹೆಚ್ಚಿರುವವರಿಗೆ ಎರಡನೇ ಪ್ರಯತ್ನ ಬಹಳ ಸಲ ಫಲ ಕೊಡುತ್ತದೆ. ‘ಗೊ’ ಎಲ್ಲ ಅಧ್ಯಾಯಗಳಲ್ಲೂ ಹರಡಿಕೊಂಡಿದ್ದರೆ ವರ್ಷ ಪೂರ್ತಿ ಬೇಕು, ಅದನ್ನು ಡಿಸೆಂಬರ್‌ನಲ್ಲಿ ಆರಂಭಿಸಿ ಮುಗಿಸಲಾಗದು.

ಮೂರನೇ ಪ್ರಯತ್ನಕ್ಕೆ ಹೊರಟವರು ಇದೇ ಹಾಳೆಯನ್ನು ಎರಡೂ ವರ್ಷಕ್ಕೆ ಮಾಡಬೇಕು. ಎರಡು ವರ್ಷದ ರ‍್ಯಾಂಕ್‌ಗಳಲ್ಲಿ ಗಮನಾರ್ಹ ಏರಿಕೆ ಇಲ್ಲದಿದ್ದರೆ, ಮತ್ತು ಅದೇ ಅಧ್ಯಾಯಗಳಲ್ಲಿ ಅದೇ ಬಗೆಯ ತಪ್ಪುಗಳಿದ್ದರೆ, ಇನ್ನೊಂದು ವರ್ಷ ಅದೇ ರೀತಿ ಓದುವುದು ನಮ್ಮ ದೃಷ್ಟಿಯಲ್ಲಿ ಸರಿಯಲ್ಲ. ಬರೆಯಲು ಅವಕಾಶವಿದೆ ಎಂಬುದು ಬರೆಯಲು ಕಾರಣವಾಗಬಾರದು. ಓದುವ ವಿಧಾನದಲ್ಲಿ ಏನು ಬದಲಾಗುತ್ತದೆ ಎಂದು ನಾಲ್ಕು ಸಾಲಿನಲ್ಲಿ ಬರೆಯಲು ಸಾಧ್ಯವಾದರೆ ಮಾತ್ರ ಮುಂದುವರಿಯಿರಿ.

ದಿನಗಳನ್ನು ಎಣಿಸಿ, ತಿಂಗಳನ್ನಲ್ಲ

ನೀಟ್ ಸಾಮಾನ್ಯವಾಗಿ ಮೇ ತಿಂಗಳ ಮೊದಲ ಭಾನುವಾರ ನಡೆಯುತ್ತದೆ. 2024ರಲ್ಲಿ ಮೇ 5, 2025ರಲ್ಲಿ ಮೇ 4. ಜುಲೈ ಮೊದಲ ವಾರ ಓದು ಶುರು ಮಾಡಿದರೆ ಕೈಯಲ್ಲಿ ಸುಮಾರು 300 ದಿನ. ಆದರೆ ಕೌನ್ಸೆಲಿಂಗ್ ಅಕ್ಟೋಬರ್‌ವರೆಗೂ ಎಳೆಯುತ್ತದೆ. ‘ಕೊನೆಯ ಸುತ್ತಿನಲ್ಲಿ ಸಿಕ್ಕರೂ ಸಿಗಬಹುದು’ ಎಂದು ಪುಸ್ತಕ ಮುಟ್ಟದೆ ಕಾಯುವವರಿಗೆ ಉಳಿಯುವುದು ಸುಮಾರು 200 ದಿನ. ಮೂರು ತಿಂಗಳು ಹೀಗೆಯೇ ಸೋರಿಹೋಗುತ್ತದೆ. ಆಸೆ ಇಟ್ಟುಕೊಳ್ಳಿ, ಆಪ್ಷನ್ ಎಂಟ್ರಿಯ ಕೆಲಸವನ್ನು ಮನೆಯ ಇನ್ನೊಬ್ಬರಿಗೆ ಒಪ್ಪಿಸಿ, ಓದು ಮಾತ್ರ ಜುಲೈನಲ್ಲೇ ಶುರುವಾಗಲಿ.

ಲಾಂಗ್ ಟರ್ಮ್ ಕೋಚಿಂಗ್ ಸೇರುವುದೋ, ಮನೆಯಲ್ಲೇ ಓದುವುದೋ, ಬಿಎಸ್ಸಿ ಸೇರಿಕೊಂಡು ಬರೆಯುವುದೋ ಎಂಬುದು ಮನೆಯ ಪರಿಸ್ಥಿತಿಗೆ ಬಿಟ್ಟದ್ದು. ಡಿಗ್ರಿ ಸೇರಿಕೊಂಡವರಿಗೆ ಒಂದು ಎಚ್ಚರಿಕೆ: ಡಿಸೆಂಬರ್–ಜನವರಿಯಲ್ಲಿ ಸೆಮಿಸ್ಟರ್ ಪರೀಕ್ಷೆ, ಪ್ರಾಕ್ಟಿಕಲ್ಸ್ ಎಲ್ಲ ಪುನರಾವರ್ತನೆಯ ಕಾಲಕ್ಕೇ ಬಂದು ಕೂರುತ್ತವೆ. ‘ಗೊ’ ತಪ್ಪುಗಳು ಹೆಚ್ಚಿರುವವರಿಗೆ ಈ ಎರಡು ದೋಣಿಯ ಪಯಣ ಕಷ್ಟ. ‘ಎ’ ತಪ್ಪುಗಳೇ ಹೆಚ್ಚಿರುವವರು ನಿಭಾಯಿಸಬಹುದು.

ಓದಿನಲ್ಲಿ ರಿಪೀಟರ್‌ಗಳು ಮಾಡುವ ತಪ್ಪುಗಳು

ಮೊದಲನೆಯದು ಹಳೆಯ ಪುಸ್ತಕ. ಸೀನಿಯರ್‌ಗಳಿಂದ ಕಡಿಮೆ ಬೆಲೆಗೆ ಸಿಕ್ಕ ಮಾಡ್ಯೂಲ್‌ಗಳಲ್ಲಿ 2024ರಿಂದ ಪಠ್ಯಕ್ರಮದಲ್ಲಿ ಇಲ್ಲದ ಅಧ್ಯಾಯಗಳಿರುತ್ತವೆ. ರಸಾಯನಶಾಸ್ತ್ರದಲ್ಲಿ ಘನಸ್ಥಿತಿ, ಮೇಲ್ಮೈ ರಸಾಯನಶಾಸ್ತ್ರ, ಲೋಹಶಾಸ್ತ್ರ, ಹೈಡ್ರೋಜನ್, ಎಸ್-ಬ್ಲಾಕ್, ಪಾಲಿಮರ್. ಜೀವಶಾಸ್ತ್ರದಲ್ಲಿ ಸಸ್ಯಗಳಲ್ಲಿ ಸಾಗಣೆ, ಖನಿಜ ಪೋಷಣೆ, ಜೀರ್ಣಕ್ರಿಯೆ ಮತ್ತು ಹೀರಿಕೆ, ಪರಿಸರ ಸಮಸ್ಯೆಗಳು ಹೀಗೆ. ಅದೇ ವೇಳೆ ಪ್ರಯೋಗಾಲಯದ ಕೌಶಲ, ಪ್ರಾಯೋಗಿಕ ರಸಾಯನಶಾಸ್ತ್ರದ ತತ್ತ್ವಗಳು ಎಂಬ ಘಟಕಗಳು ಸೇರಿವೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಅಧಿಕೃತ ಪಠ್ಯಕ್ರಮದ ಪ್ರತಿಯನ್ನು ಮುದ್ರಿಸಿ ಗೋಡೆಗೆ ಅಂಟಿಸಿ: ಭೌತಶಾಸ್ತ್ರ 20 ಘಟಕ, ರಸಾಯನಶಾಸ್ತ್ರ 20, ಜೀವಶಾಸ್ತ್ರ 10. ಅದರಲ್ಲಿಲ್ಲದ್ದು ನಿಮಗೆ ಬೇಡ.

ಎರಡನೆಯದು ಹಳೆಯ ಗಡಿಯಾರ. 2022ರಿಂದ 2024ರವರೆಗೆ 200 ಪ್ರಶ್ನೆಗಳಲ್ಲಿ 180 ಬರೆದರೆ ಸಾಕಿತ್ತು, ಸಮಯ 200 ನಿಮಿಷ. 2025ರಿಂದ 180 ಪ್ರಶ್ನೆ, ಎಲ್ಲವೂ ಕಡ್ಡಾಯ, 180 ನಿಮಿಷ. ಬಿಡುವ ಆಯ್ಕೆ ಹೋಯಿತು, ಇಪ್ಪತ್ತು ನಿಮಿಷವೂ ಹೋಯಿತು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಹಳೆಯ ಸಮಯದಲ್ಲಿ ಅಭ್ಯಾಸ ಮಾಡಿದರೆ ಕೈ ತಪ್ಪು ವೇಗಕ್ಕೆ ಒಗ್ಗಿಕೊಳ್ಳುತ್ತದೆ. ಬಹುತೇಕರಿಗೆ ಹೊಂದುವ ಹಂಚಿಕೆ ಹೀಗೆ: ಜೀವಶಾಸ್ತ್ರದ 90ಕ್ಕೆ 45 ನಿಮಿಷ, ರಸಾಯನದ 45ಕ್ಕೆ 50, ಭೌತದ 45ಕ್ಕೆ 65, ಉಳಿದ 20 ನಿಮಿಷ ಒಎಂಆರ್‌ಗೂ ಬಿಟ್ಟ ಪ್ರಶ್ನೆಗಳಿಗೂ. ಒಎಂಆರ್ ಅನ್ನು ಕೊನೆಗೆ ಒಟ್ಟಿಗೆ ತುಂಬುವ ಅಭ್ಯಾಸ ಬೇಡ. ಪ್ರತಿ ಪುಟ ಮುಗಿದಾಗ ತುಂಬಿ. ಒಂದು ಸಾಲು ತಪ್ಪಿದರೆ ಅದರ ಕೆಳಗಿನದೆಲ್ಲ ತಪ್ಪುತ್ತದೆ, ಪೆನ್ನಿನಲ್ಲಿ ತುಂಬಿದ್ದನ್ನು ಅಳಿಸಲಾಗದು.

ಮೂರನೆಯದು ಊಹೆಯ ಬಗ್ಗೆ ಇರುವ ಅತಿಯಾದ ಭಯ, ಇಲ್ಲವೇ ಅತಿಯಾದ ಧೈರ್ಯ. ನಾಲ್ಕು ಆಯ್ಕೆಗಳಲ್ಲಿ ಒಂದನ್ನೂ ತಳ್ಳಿಹಾಕಲಾಗದೆ ಗುರುತು ಹಾಕಿದರೆ ಸರಾಸರಿ ಲಾಭ ಪ್ರಶ್ನೆಗೆ ಕಾಲು ಅಂಕ. ಒಂದನ್ನು ತಳ್ಳಿಹಾಕಿದರೆ ಸುಮಾರು 0.67, ಎರಡನ್ನು ತಳ್ಳಿಹಾಕಿದರೆ 1.5. ಎರಡು ಆಯ್ಕೆಗೆ ಇಳಿದ ಪ್ರಶ್ನೆಯನ್ನು ಬಿಡುವುದು ನಷ್ಟ. ಕಣ್ಣುಮುಚ್ಚಿ ಹಾಕುವುದರಲ್ಲಿ ಏರಿಳಿತ ಹೆಚ್ಚು: 20 ಪ್ರಶ್ನೆ ಹಾಗೆ ಹಾಕಿದವರಿಗೆ 5 ಸರಿಯಾದರೆ 5 ಅಂಕ ಸಿಕ್ಕೀತು, 3 ಸರಿಯಾದರೆ 5 ಅಂಕ ಹೋದೀತು. ಮಾಕ್ ಟೆಸ್ಟ್‌ಗಳಲ್ಲಿ ಊಹೆಗಳಿಗೆ ಬೇರೆ ಗುರುತು ಹಾಕಿ ನಿಮ್ಮ ಊಹೆ ಎಷ್ಟು ಪಾಲು ಸರಿಯಾಗುತ್ತದೆ ಎಂದು ಲೆಕ್ಕವಿಟ್ಟುಕೊಳ್ಳಿ, ನಿಮ್ಮ ನಿಯಮ ಅಲ್ಲಿಂದ ಬರಲಿ.

ನಾಲ್ಕನೆಯದನ್ನು ರಿಪೀಟರ್‌ಗಳು ಒಪ್ಪಿಕೊಳ್ಳುವುದು ಕಡಿಮೆ: ಗೊತ್ತಿರುವುದನ್ನೇ ಮತ್ತೆ ಓದುವುದು. ಹೋದ ವರ್ಷ ಚೆನ್ನಾಗಿ ಬಂದ ತಳಿಶಾಸ್ತ್ರವನ್ನು ಆಗಸ್ಟ್‌ನಲ್ಲಿ ಹದಿನೈದು ದಿನ ಓದಿದರೆ ಮನಸ್ಸಿಗೆ ಹಿತ, ರ‍್ಯಾಂಕ್‌ಗೆ ಏನೂ ಇಲ್ಲ. ಗುರುತು ಹಾಕಿದ ಹಾಳೆಯಲ್ಲಿ ‘ಗೊ’ ಹೆಚ್ಚಿರುವ ಹತ್ತು ಅಧ್ಯಾಯಗಳನ್ನು ಆಗಸ್ಟ್–ಸೆಪ್ಟೆಂಬರ್‌ನಲ್ಲೇ ಮುಗಿಸಿ. ನವೆಂಬರ್ ಕೊನೆಗೆ ಪಠ್ಯಕ್ರಮ ಒಮ್ಮೆ, ಜನವರಿ ಕೊನೆಗೆ ಎರಡನೇ ಸಲ. ಫೆಬ್ರವರಿಯಿಂದ ವಾರಕ್ಕೆ ಎರಡು ಪೂರ್ಣ ಮಾಕ್ ಟೆಸ್ಟ್, ಏಪ್ರಿಲ್‌ನಲ್ಲಿ ಮೂರು, ಮಧ್ಯಾಹ್ನ 2ರಿಂದ 5ರವರೆಗೆ, ಕಾಗದದ ಒಎಂಆರ್ ಮೇಲೆ. ಊಟವಾದ ಮೇಲೆ ತೂಕಡಿಸುವ ಹೊತ್ತಿನಲ್ಲೇ ನಿಜವಾದ ಪರೀಕ್ಷೆ ನಡೆಯುವುದು. ಟೆಸ್ಟ್ ಬರೆದಷ್ಟೇ ಸಮಯವನ್ನು ತಪ್ಪುಗಳನ್ನು ಬಿಡಿಸಿ ನೋಡಲು ಕೊಡಿ. ಅಷ್ಟು ಸಮಯವಿಲ್ಲದಿದ್ದರೆ ಟೆಸ್ಟ್‌ಗಳ ಸಂಖ್ಯೆಯನ್ನು ಇಳಿಸಿ.

ಒಂದು ವರ್ಷ ಒಬ್ಬರೇ ಕೂತು ಓದುವುದು ಮನಸ್ಸಿಗೆ ಭಾರ. ಗೆಳೆಯರೆಲ್ಲ ಕಾಲೇಜಿನಲ್ಲಿರುತ್ತಾರೆ, ಮದುವೆ ಮನೆಯಲ್ಲಿ ಸಿಕ್ಕವರೆಲ್ಲ ‘ಏನು ಓದ್ತಾ ಇದೀಯಪ್ಪ’ ಎಂದು ಕೇಳುತ್ತಾರೆ. ನಿದ್ದೆ ಕೆಟ್ಟು, ಊಟ ಬೇಡವಾಗಿ, ಯಾವುದರಲ್ಲೂ ಅರ್ಥವಿಲ್ಲ ಅನ್ನಿಸತೊಡಗಿದರೆ ಅದನ್ನು ಸೋಮಾರಿತನವೆಂದು ಬೈಯಬೇಡಿ. ಟೆಲಿ-ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿದೆ, ಕನ್ನಡದಲ್ಲೇ ಮಾತಾಡಬಹುದು. ಅಪ್ಪ ಅಮ್ಮಂದಿರೂ ಕರೆ ಮಾಡಬಹುದು.

ಅರ್ಜಿ ಮತ್ತು ದಾಖಲೆ

ಪ್ರತಿ ವರ್ಷ ಹೊಸ ನೋಂದಣಿ. ಹಳೆಯ ಅರ್ಜಿ ಸಂಖ್ಯೆ ನಡೆಯದು, ಒಬ್ಬರೇ ಒಂದು ವರ್ಷಕ್ಕೆ ಎರಡು ಅರ್ಜಿ ಹಾಕಿದರೆ ರದ್ದಾಗುವ ಅಪಾಯವಿದೆ. ಕೋಚಿಂಗ್‌ನವರೂ ಮನೆಯವರೂ ಬೇರೆ ಬೇರೆಯಾಗಿ ತುಂಬಿ ಸಿಕ್ಕಿಹಾಕಿಕೊಳ್ಳುವುದುಂಟು, ಹಾಗಾಗಿ ಯಾರು ತುಂಬುವುದೆಂದು ಮೊದಲೇ ತೀರ್ಮಾನಿಸಿ. ಆಧಾರ್‌ನಲ್ಲಿರುವ ಹೆಸರು ಮತ್ತು ಜನ್ಮದಿನಾಂಕ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಂತೆಯೇ ಇದೆಯೇ ನೋಡಿ. ಇನಿಷಿಯಲ್ ಹಿಂದೆ ಮುಂದೆ ಆಗಿದ್ದರೆ ಅಕ್ಟೋಬರ್‌ನಲ್ಲೇ ಸರಿಪಡಿಸಿಕೊಳ್ಳಿ.

ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲಿ ಪಡೆಯಬಹುದು, ಪಕ್ಕದಲ್ಲಿ ಇಂಗ್ಲಿಷ್ ಕೂಡ ಇರುತ್ತದೆ. ಅನುವಾದದಲ್ಲಿ ಗೊಂದಲವಿದ್ದರೆ ಇಂಗ್ಲಿಷ್ ಪಾಠವೇ ಅಂತಿಮ. ಕನ್ನಡ ಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ರಾಜಸ್ಥಾನದ ಕೋಟಾ ಊರಿನಲ್ಲೋ ಹೈದರಾಬಾದಿನಲ್ಲೋ ಓದುತ್ತಿರುವವರು ಕನ್ನಡ ಪತ್ರಿಕೆ ಬೇಕೆಂದರೆ ಪರೀಕ್ಷೆಗೆ ಊರಿಗೆ ಬರಬೇಕು. ಕನ್ನಡ ಮಾಧ್ಯಮ ಕೋಟಾಕ್ಕೂ ಪರೀಕ್ಷೆಯ ಭಾಷೆಗೂ ಸಂಬಂಧವಿಲ್ಲ. ಆ ಕೋಟಾ 1ರಿಂದ 10ನೇ ತರಗತಿ ಕನ್ನಡ ಮಾಧ್ಯಮದಲ್ಲಿ ಓದಿದವರದು, ನೀಟ್ ಅನ್ನು ಇಂಗ್ಲಿಷ್‌ನಲ್ಲಿ ಬರೆದರೂ ಅದು ಉಳಿಯುತ್ತದೆ. ಹೊರರಾಜ್ಯದಲ್ಲಿ ಕೋಚಿಂಗ್ ಪಡೆದ ವರ್ಷದಿಂದ ಕರ್ನಾಟಕದ ಅರ್ಹತೆಯೂ ಹೋಗುವುದಿಲ್ಲ. 1ನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ 7 ವರ್ಷ ಇಲ್ಲಿ ಓದಿ, ಎಸ್‌ಎಸ್‌ಎಲ್‌ಸಿ ಅಥವಾ ಪಿಯುಸಿಯನ್ನು ಇಲ್ಲೇ ಪಾಸು ಮಾಡಿದ್ದರೆ ಸಾಮಾನ್ಯ ಅರ್ಹತಾ ಕಲಮಿನಡಿ ನೀವು ಬರುತ್ತೀರಿ. ಕೋಚಿಂಗ್ ವರ್ಷ ಶಾಲೆಯ ವರ್ಷವಲ್ಲ.

ಈಗ ಪ್ರಮಾಣಪತ್ರಗಳು. ಹೋದ ವರ್ಷದ ಫೈಲನ್ನೇ ಹಾಗೇ ಒಯ್ಯುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ನಾಡಕಚೇರಿಯ 2ಎ, 2ಬಿ, 3ಎ, 3ಬಿ ಜಾತಿ-ಆದಾಯ ಪ್ರಮಾಣಪತ್ರ 5 ವರ್ಷ ಚಾಲ್ತಿಯಲ್ಲಿರುತ್ತದೆ. ಎಸ್‌ಎಸ್‌ಎಲ್‌ಸಿಯಲ್ಲಿದ್ದಾಗ ಮಾಡಿಸಿದ್ದು ಎರಡನೇ ಅಥವಾ ಮೂರನೇ ಪ್ರಯತ್ನದ ಕೌನ್ಸೆಲಿಂಗ್ ವೇಳೆಗೆ ಮುಗಿದಿರಬಹುದು, ಆರ್‌ಡಿ ಸಂಖ್ಯೆಯ ಪಕ್ಕದ ದಿನಾಂಕ ನೋಡಿ. ಕೇಂದ್ರದ ಒಬಿಸಿ ಕೆನೆಪದರ-ರಹಿತ ಪ್ರಮಾಣಪತ್ರ ಮತ್ತು ಆರ್ಥಿಕ ದುರ್ಬಲ ವರ್ಗದ ಪ್ರಮಾಣಪತ್ರಗಳನ್ನು ಆಯಾ ಹಣಕಾಸು ವರ್ಷದಲ್ಲಿ, ಅಂದರೆ ಏಪ್ರಿಲ್ 1ರ ನಂತರ, ಹೊಸದಾಗಿ ಪಡೆಯಬೇಕು. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯೂ ಕೇಂದ್ರದ ಪಟ್ಟಿಯೂ ಒಂದೇ ಅಲ್ಲ. ರಾಜ್ಯದಲ್ಲಿ ಮೀಸಲಾತಿ ಇದೆಯೆಂದು ಕೇಂದ್ರದ ಅರ್ಜಿಯಲ್ಲಿ ಒಬಿಸಿ ಎಂದು ತುಂಬಿ, ಪರಿಶೀಲನೆಯಲ್ಲಿ ಸೀಟು ಕಳೆದುಕೊಳ್ಳಬೇಡಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಗಳಿಗೆ ಬಿಇಒ ಮೇಲುರುಜು ಬೇಕು. ಓದಿದ ಶಾಲೆ ಮುಚ್ಚಿದ್ದರೆ ಅಥವಾ ಬೇರೆ ತಾಲ್ಲೂಕಿನಲ್ಲಿದ್ದರೆ ಈ ಕೆಲಸಕ್ಕೆ ದಿನಗಳು ಹಿಡಿಯುತ್ತವೆ.

ಓದಿನ ಅಂತರಕ್ಕೆ ಹಲವು ಕಾಲೇಜುಗಳು ನೋಟರಿ ಮಾಡಿಸಿದ ಪ್ರಮಾಣಪತ್ರ (ಅಫಿಡವಿಟ್) ಕೇಳುತ್ತವೆ. ಛಾಪಾ ಕಾಗದದ ಮೇಲೆ ಹೆಸರು, ಪಿಯುಸಿ ಮುಗಿಸಿದ ತಿಂಗಳು ಮತ್ತು ವರ್ಷ, ಆ ನಂತರ ನೀಟ್ ತಯಾರಿಯಲ್ಲಿದ್ದೆ, ಬೇರೆ ಯಾವ ಕೋರ್ಸಿಗೂ ಸೇರಿಲ್ಲ ಎಂಬ ಹೇಳಿಕೆ, ಸಹಿ. ಸೇರಿದ್ದರೆ ಸೇರಿದ್ದೇನೆಂದೇ ಬರೆಯಿರಿ. ಸುಳ್ಳು ಪ್ರಮಾಣಪತ್ರ ಮುಂದೆ ಪ್ರವೇಶಕ್ಕೇ ಕುತ್ತಾಗಬಹುದು. ನೆನಪಿಡಿ, ಕಾಲೇಜು ಇದನ್ನು ಕೇಳುವುದು ಕಡತ ಪೂರ್ತಿ ಮಾಡಿಕೊಳ್ಳಲು, ನಿಮ್ಮನ್ನು ಅಳೆಯಲು ಅಲ್ಲ.

ಡಿಗ್ರಿಗೋ ಬಿಎಎಂಎಸ್‌ಗೋ ಸೇರಿದ್ದವರ ದೊಡ್ಡ ತಲೆನೋವು ಟಿ.ಸಿ. ಮತ್ತು ಮೂಲ ಅಂಕಪಟ್ಟಿ. ಮೆಡಿಕಲ್ ಸೀಟು ಹಂಚಿಕೆಯಾದ ಮೇಲೆ ಸೇರಲು ಕೆಲವೇ ದಿನ ಇರುತ್ತದೆ, ಅಷ್ಟರಲ್ಲಿ ಹಳೆಯ ಕಾಲೇಜಿನಿಂದ ಕಾಗದ ಬಿಡಿಸಿಕೊಳ್ಳಬೇಕು. ಮೂಲ ದಾಖಲೆಗಳನ್ನು ಸಂಸ್ಥೆಗಳು ಇಟ್ಟುಕೊಳ್ಳಬಾರದು ಎಂದು ಯುಜಿಸಿ 2018ರ ಅಕ್ಟೋಬರ್‌ನ ಅಧಿಸೂಚನೆಯಲ್ಲಿ ಹೇಳಿದೆ. ಸೇರುವಾಗಲೇ ಪರಿಶೀಲಿಸಿ ವಾಪಸು ಕೊಡುವಂತೆ ಕೇಳಿ, ಕೊಡದಿದ್ದರೆ ಒಪ್ಪಿಸಿದ ದಾಖಲೆಗಳಿಗೆ ಸಹಿ ಇರುವ ರಸೀದಿಯನ್ನಾದರೂ ಪಡೆಯಿರಿ.

ಕೌನ್ಸೆಲಿಂಗ್‌ನಲ್ಲಿ ಮುಂದಿನ ಪ್ರಯತ್ನವನ್ನು ಕಟ್ಟಿಹಾಕುವ ನಿಯಮಗಳು

ಸರ್ಕಾರಿ ಕಾಲೇಜುಗಳ ಶೇ 15 ಅಖಿಲ ಭಾರತ ಕೋಟಾ, ಏಮ್ಸ್, ಜಿಪ್ಮರ್ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳು ಕೇಂದ್ರದ ಎಂಸಿಸಿ (ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ) ಮೂಲಕ. ರಾಜ್ಯದ ಪಾಲು ಕೆಇಎ ಮೂಲಕ. ಎರಡಕ್ಕೂ ಬೇರೆ ಬೇರೆ ನೋಂದಣಿ. ನೀಟ್ ಬರೆದ ಮಾತ್ರಕ್ಕೆ ಕೆಇಎ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ. ಸಿಇಟಿ ಬರೆಯದ ರಿಪೀಟರ್‌ಗಳು ಯುಜಿನೀಟ್ ನೋಂದಣಿಯ ದಿನಾಂಕ ತಪ್ಪಿಸಿಕೊಳ್ಳುವುದು ಇದೇ ಕಾರಣಕ್ಕೆ.

‘ಸಿಕ್ಕರೆ ನೋಡೋಣ, ಇಷ್ಟವಾಗದಿದ್ದರೆ ಬಿಟ್ಟು ಮತ್ತೆ ಬರೆಯೋಣ’ ಎಂದು ಆಪ್ಷನ್ ಹಾಕುವವರು ಗಮನಿಸಿ. ಎಂಸಿಸಿಯ ಈಚಿನ ವರ್ಷಗಳ ನಿಯಮದಂತೆ ಮೊದಲ ಸುತ್ತಿನ ಸೀಟನ್ನು ನಷ್ಟವಿಲ್ಲದೆ ಬಿಡಬಹುದು. ಎರಡನೇ ಸುತ್ತಿನದನ್ನು ಬಿಟ್ಟರೆ ಠೇವಣಿ ಹೋಗುತ್ತದೆ: ಅಖಿಲ ಭಾರತ ಕೋಟಾಕ್ಕೆ ಸಾಮಾನ್ಯ ವರ್ಗದವರಿಗೆ 10,000 ರೂಪಾಯಿ, ಮೀಸಲು ವರ್ಗದವರಿಗೆ 5,000, ಡೀಮ್ಡ್‌ಗೆ 2 ಲಕ್ಷ. ಉಳಿದ ಸೀಟುಗಳ ಕೊನೆಯ ‘ಸ್ಟ್ರೇ’ ಸುತ್ತಿನಲ್ಲಿ ಹಂಚಿಕೆಯಾದ ಸೀಟಿಗೆ ಸೇರದಿದ್ದರೆ ಠೇವಣಿಯ ಜೊತೆಗೆ ಒಂದು ವರ್ಷದ ನಿಷೇಧವೂ ಬೀಳುತ್ತದೆ. ಇಷ್ಟು ಹೊತ್ತು ಹುಡುಕಿದ ‘ರಿಪೀಟರ್‌ಗೆ ಶಿಕ್ಷೆ’ ಎಂಬುದು ಇರುವುದಾದರೆ ಇಲ್ಲಿದೆ, ಅದೂ ಮತ್ತೆ ಬರೆದದ್ದಕ್ಕಲ್ಲ, ಸೀಟು ತಡೆಹಿಡಿದದ್ದಕ್ಕೆ. ಸೇರಲು ಮನಸ್ಸಿಲ್ಲದ ಕಾಲೇಜನ್ನು ಸ್ಟ್ರೇ ಸುತ್ತಿನ ಪಟ್ಟಿಯಲ್ಲಿ ಹಾಕಲೇಬೇಡಿ.

ಕೆಇಎಯಲ್ಲಿ ನಾಲ್ಕು ಛಾಯ್ಸ್‌ಗಳು. ಛಾಯ್ಸ್-1 ಎಂದರೆ ಸೀಟು ಒಪ್ಪಿ ಸೇರುವುದು. ಛಾಯ್ಸ್-2 ಎಂದರೆ ಇದನ್ನು ಹಿಡಿದುಕೊಂಡು ಮೇಲಿನದಕ್ಕೆ ಕಾಯುವುದು, ಮೇಲಿನದು ಸಿಕ್ಕರೆ ಮೊದಲಿನದು ತಾನಾಗಿ ರದ್ದು. ಛಾಯ್ಸ್-3 ಎಂದರೆ ಇದು ಬೇಡ, ಮುಂದಿನ ಸುತ್ತು ಬೇಕು. ಛಾಯ್ಸ್-4 ಎಂದರೆ ಹೊರನಡೆಯುವುದು. ಮತ್ತೆ ಬರೆಯುವ ತೀರ್ಮಾನ ಗಟ್ಟಿಯಾಗಿದ್ದರೆ ಛಾಯ್ಸ್-4 ಅನ್ನು ಬೇಗ ಒತ್ತುವುದು ನಿಮಗೂ ಒಳ್ಳೆಯದು, ಪಟ್ಟಿಯಲ್ಲಿ ಹಿಂದಿರುವವರಿಗೂ ಒಳ್ಳೆಯದು. ತಡವಾಗಿ ಸೀಟು ರದ್ದು ಮಾಡಿದರೆ ಎಷ್ಟು ದಂಡ ಎಂಬುದನ್ನು ಆ ವರ್ಷದ ಕೆಇಎ ಮಾಹಿತಿ ಪುಸ್ತಿಕೆಯಲ್ಲಿ ಸ್ವತಃ ಓದಿ. ಏಜೆಂಟರ ಬಾಯಿಮಾತು ನಂಬಬೇಡಿ.

ಪ್ರಯತ್ನ ಎಣಿಸುವ ಜಾಗಗಳೂ ಇವೆ

ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು ಮೊದಲನೆಯದು. ಅಲ್ಲಿ ನೀಟ್ ಎಷ್ಟನೇ ಸಲ ಎಂದು ಕೇಳುವುದಿಲ್ಲ, ಆದರೆ ಹನ್ನೆರಡನೇ ತರಗತಿಯನ್ನು ಮೊದಲ ಪ್ರಯತ್ನದಲ್ಲೇ, ಇಂಗ್ಲಿಷ್ ಮತ್ತು ಮೂರೂ ವಿಜ್ಞಾನ ವಿಷಯಗಳನ್ನು ಒಟ್ಟಿಗೆ ಪಾಸು ಮಾಡಿರಬೇಕು. ವಿಜ್ಞಾನದಲ್ಲಿ ಒಟ್ಟು ಶೇ 60, ಪ್ರತಿ ವಿಷಯದಲ್ಲೂ ಇಂಗ್ಲಿಷ್‌ನಲ್ಲೂ ಶೇ 50 ಬೇಕು. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 24 ತುಂಬಿರಬಾರದು. ಪಿಯು ಪರೀಕ್ಷೆ-2 ಅಥವಾ 3ರಲ್ಲಿ ಪಾಸಾದವರು ಈ ಷರತ್ತನ್ನು ಎರಡು ಸಲ ಓದಿಕೊಳ್ಳಲಿ. ಅಲ್ಲಿ ಸಂದರ್ಶನವಿದೆ. ಓದಿನ ಅಂತರದ ಬಗ್ಗೆ ಕೇಳಿದರೆ ಮುಚ್ಚಿಡಬೇಡಿ, ಕಾರಣ ಹುಡುಕಬೇಡಿ: ಮೊದಲ ಸಲ ಎಲ್ಲಿ ತಪ್ಪಿತು, ಎರಡನೇ ಸಲ ಏನು ಬದಲಿಸಿದಿರಿ, ಫಲಿತಾಂಶ ಏನಾಯಿತು, ಮೂರು ವಾಕ್ಯ ಸಾಕು. ನೀವು ಮಾಡಿಟ್ಟ ‘ಗೊ-ಎ-ಊ’ ಹಾಳೆಯೇ ಆ ಉತ್ತರ.

ಅಮೆರಿಕದ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್ ಲೆಕ್ಕ ಪೂರಾ ಬೇರೆ. ಅಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳ ಬಗ್ಗೆ ಊರಿನ ನೆಂಟರು ‘ಸುಮ್ಮನೆ ಒಮ್ಮೆ ಬರೆದು ನೋಡಲಿ’ ಎನ್ನುವುದುಂಟು. ನೀಟ್‌ಗೆ ಆ ಸಲಹೆ ಹಾನಿ ಮಾಡದು, ಎಂಕ್ಯಾಟ್‌ಗೆ ಮಾಡುತ್ತದೆ. ಒಂದು ಪರೀಕ್ಷಾ ವರ್ಷದಲ್ಲಿ 3, ಸತತ ಎರಡು ವರ್ಷಗಳಲ್ಲಿ 4, ಜೀವಮಾನದಲ್ಲಿ 7 ಸಲ ಎಂಬ ಮಿತಿಯಿದೆ. ನೋಂದಾಯಿಸಿ ಹೋಗದಿದ್ದರೂ, ಬರೆದು ಅಂಕ ರದ್ದು ಮಾಡಿಸಿದರೂ ಒಂದು ಪ್ರಯತ್ನ ಖರ್ಚಾಗುತ್ತದೆ. ರದ್ದಾದ ಅಂಕ ಕಾಲೇಜಿಗೆ ಕಾಣುವುದಿಲ್ಲ ಎಂಬುದಷ್ಟೇ ಸಮಾಧಾನ. ಉಳಿದ ಎಲ್ಲ ಅಂಕಗಳೂ ಅರ್ಜಿಯ ಜೊತೆ ಹೋಗುತ್ತವೆ, ಆರಿಸಿ ಕಳಿಸಲಾಗದು. ಕೆಲವು ಕಾಲೇಜುಗಳು ಅತಿ ಹೆಚ್ಚಿನ ಅಂಕ ನೋಡುತ್ತವೆ, ಕೆಲವು ಕೊನೆಯದನ್ನು, ಕೆಲವು ಸರಾಸರಿ, ಕೆಲವು ಏರುಮುಖವಾಗಿದೆಯೇ ಎಂದು ಎಲ್ಲವನ್ನೂ. 472ರಿಂದ 528ರ ಅಳತೆಯಲ್ಲಿ 498ರಿಂದ 510ಕ್ಕೆ ಏರಿದರೆ ಅದು ನಿಮ್ಮ ಪರವಾಗಿ ಮಾತಾಡುತ್ತದೆ. 509, 508, 509 ಎಂದು ಮೂರು ಸಲ ಬರೆದರೆ ವಿವೇಚನೆ ಸಾಲದು ಎಂಬ ಅನುಮಾನ ಹುಟ್ಟಬಹುದು. ಪೂರ್ಣ ಅಭ್ಯಾಸ ಪರೀಕ್ಷೆಗಳಲ್ಲಿ ಗುರಿಯ ಅಂಕ ಮೂರು ಸಲ ಬರುವ ತನಕ ಅಲ್ಲಿ ದಿನಾಂಕ ಕಾಯ್ದಿರಿಸಬೇಡಿ. ಬ್ರಿಟನ್ನಿನ ಯುಕ್ಯಾಟ್ ಪ್ರವೇಶ ಸುತ್ತಿಗೆ ಒಂದೇ ಸಲ, ಅಂಕ ಮುಂದಿನ ವರ್ಷಕ್ಕೆ ಸಾಗುವುದಿಲ್ಲ.

ಕೊನೆಯದಾಗಿ, ಪ್ರಯತ್ನಗಳ ಎಣಿಕೆ ನಿಜವಾಗಿ ಶುರುವಾಗುವುದು ಸೀಟು ಸಿಕ್ಕ ಮೇಲೆ. 2023ರ ಪದವಿ ವೈದ್ಯಕೀಯ ಶಿಕ್ಷಣ ನಿಯಮಾವಳಿಯ ಪ್ರಕಾರ ಎಂಬಿಬಿಎಸ್ ಮೊದಲ ವರ್ಷದ ಪರೀಕ್ಷೆಗೆ ನಾಲ್ಕೇ ಪ್ರಯತ್ನ, ಇಡೀ ಕೋರ್ಸಿಗೆ ಪ್ರವೇಶದ ದಿನದಿಂದ ಒಂಬತ್ತು ವರ್ಷ. ಕೊನೆಯ ಸುತ್ತಿನಲ್ಲಿ ಸೇರಿದವರು ಅಷ್ಟೊತ್ತಿಗೆ ಅಂಗರಚನಾಶಾಸ್ತ್ರದ ಎಷ್ಟೋ ತರಗತಿಗಳನ್ನು ಕಳೆದುಕೊಂಡಿರುತ್ತಾರೆ. ಸೇರಿದ ದಿನವೇ ವಿಭಾಗದ ಕಚೇರಿಯಲ್ಲಿ ಆಗಿರುವ ಪಾಠಗಳ ಪಟ್ಟಿ ಮತ್ತು ಹಾಜರಾತಿಯ ಲೆಕ್ಕ ಕೇಳಿ, ಡಿಸೆಕ್ಷನ್ ಮೇಜಿನ ಜೊತೆಗಾರರಿಂದ ಟಿಪ್ಪಣಿ ಪಡೆದು, ಮೊದಲ ಆಂತರಿಕ ಪರೀಕ್ಷೆಗೆ ಮುನ್ನ ಅದನ್ನು ತುಂಬಿಕೊಳ್ಳಿ.